ಬೆಟ್ಟದಲ್ಲಿ ಟಿಕೆಟ್ ಇಲ್ಲದೆ ನೋಡಿದ್ದು

ಬೆಟ್ಟದ ಪ್ರವಾಸ ಅಂದರೆ ಸಾಕು, ರೋಪ್‌ವೇ, ಜಿಪ್‌ಲೈನ್, ವ್ಯೂ ಟವರ್ ಅಂತ ಟಿಕೆಟ್‌ಗಳ ಪಟ್ಟಿ ಶುರುವಾಗುತ್ತದೆ. ಈ ಸಲ ನಾನು, ತಂಗಿ, ಅವಳ ಮಗ ಅದನ್ನೆಲ್ಲ ಬಿಟ್ಟು ಬರೀ ನಡೆದಾಡಿದೆವು. ಯಾವ ಹೊತ್ತಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದರೆ ಬೆಟ್ಟ ತಾನಾಗಿಯೇ ಎಲ್ಲ ತೋರಿಸುತ್ತದೆ ಅನ್ನುವುದು ನನ್ನ ನಂಬಿಕೆ.

ಎಲ್ಲಕ್ಕಿಂತ ಹೆಚ್ಚು ಕೊಟ್ಟಿದ್ದು ಬೆಳಗಿನ ಜಾವ. ಬೆಳಕು ಹರಿಯುವ ಮುಂಚೆ ದಿಣ್ಣೆ ಹತ್ತಿದೆವು. ಕೆಳಗೆ ಕಣಿವೆ ತುಂಬ ಮಂಜು, ಮೇಲೆ ತಿಳಿ ಆಕಾಶ. ಸಾಮಾನ್ಯವಾಗಿ 1000 ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಕಡಿಮೆಯಾಗುತ್ತದೆ. ಗಾಳಿ, ಮೋಡ ಎರಡೂ ಇಲ್ಲದ ರಾತ್ರಿ ಈ ಲೆಕ್ಕ ಉಲ್ಟಾ ಆಗುವುದುಂಟು. ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ, ಇಳಿಜಾರಿನಲ್ಲಿ ಜಾರಿ ಕಣಿವೆಯಲ್ಲಿ ನಿಲ್ಲುತ್ತದೆ. ಅದರಲ್ಲಿರುವ ತೇವವೇ ಮಂಜಾಗುತ್ತದೆ. ಹಾಗಾಗಿ ನಾವಿದ್ದ ಮೇಲ್ಗಡೆಯೇ ಬೆಚ್ಚಗಿತ್ತು!

ಸೂರ್ಯ ಬೆನ್ನ ಹಿಂದೆ ಮೂಡಿದಾಗ ಎದುರಿನ ಮಂಜಿನ ಮೇಲೆ ನಮ್ಮ ನೆರಳು ಉದ್ದಕ್ಕೆ ಚಾಚಿ ಬಿತ್ತು.

"ದೊಡ್ಡಮ್ಮಾ, ನನ್ನ ತಲೆ ಸುತ್ತ ಬಣ್ಣದ ಬಳೆ ಇದೆ!" ಅಂತ ಹುಡುಗ ಕೂಗಿದ.

"ನಿಂಗಲ್ಲ ಕಣೋ, ನನ್ನ ತಲೆ ಸುತ್ತ ಇರೋದು," ಅಂದಳು ತಂಗಿ.

ಇಬ್ಬರೂ ಹೇಳಿದ್ದು ನಿಜವೇ. ಮಂಜಿನ ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತವೆ. ಆದ್ದರಿಂದ ಪ್ರತಿಯೊಬ್ಬರಿಗೂ ಅವರವರ ತಲೆಯ ನೆರಳಿನ ಸುತ್ತಲೇ ಬಳೆ ಕಾಣುತ್ತದೆ. ಜರ್ಮನಿಯ ಬ್ರಾಕನ್ ಬೆಟ್ಟದಲ್ಲಿ ಈ ದೊಡ್ಡ ನೆರಳನ್ನು ನೋಡಿ 1780ರಲ್ಲಿ ಒಬ್ಬರು ಬರೆದಿಟ್ಟರು. ಅಂದಿನಿಂದ ಅದಕ್ಕೆ ಆ ಬೆಟ್ಟದ ಹೆಸರೇ ನಿಂತಿದೆ. ಇದನ್ನು ನೋಡಲು ಬಿಸಿಲು, ಮಂಜು ಎರಡೂ ಒಟ್ಟಿಗೆ ಸಿಗಬೇಕು. ತಡವಾಗಿ ಎದ್ದವರಿಗೆ ಸಿಗುವುದು ಕಷ್ಟ.

ಮಧ್ಯಾಹ್ನ ಬಂಡೆಗಳ ಮೇಲಿನ ಕಲ್ಲುಹೂವು ನೋಡುತ್ತಾ ಅಲೆದೆವು. ಶಿಲೀಂಧ್ರ, ಪಾಚಿ ಎರಡೂ ಕೂಡಿ ಬಾಳುವ ಜೀವ ಅದು. ಕೆಲವು ಬಗೆಯವು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ದಯವಿಟ್ಟು ಅದನ್ನು ಕೆರೆಯಬೇಡಿ, ಅದರ ಮೇಲೆ ಹೆಸರು ಕೊರೆಯಬೇಡಿ.

ಸಂಜೆ ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುತ್ತಾರೆ, ಅಲ್ವಾ? ಸೂರ್ಯ ಮುಳುಗಿದ ಮೇಲೆ ಒಂದು ಸಲ ತಿರುಗಿ ಪೂರ್ವಕ್ಕೆ ನೋಡಿ. ದಿಗಂತದಲ್ಲಿ ಬೂದು ನೀಲಿ ಪಟ್ಟೆ, ಅದರ ಮೇಲೆ ಗುಲಾಬಿ ಪಟ್ಟೆ ಕಾಣುತ್ತದೆ. ಆ ನೀಲಿ ಪಟ್ಟೆ ನಮ್ಮ ಭೂಮಿಯದೇ ನೆರಳು. ಎತ್ತರದಲ್ಲಿ ನಿಂತರೆ ಅದು ಇನ್ನೂ ಸ್ಪಷ್ಟ. ನನಗಂತೂ ಸೂರ್ಯಾಸ್ತಕ್ಕಿಂತ ಇದೇ ಇಷ್ಟವಾಯಿತು.

ರಾತ್ರಿ ನಕ್ಷತ್ರ ನೋಡುವವರು ಮೊಬೈಲ್ ಒಳಗಿಡಬೇಕು. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಆಮೇಲೆ ಆಕಾಶಗಂಗೆ ಬರಿಗಣ್ಣಿಗೇ ಕಾಣಿಸಿತು.

ಹೊರಡುವ ದಿನ ತೊರೆಯ ಗುಂಟ ಇಳಿದೆವು. ಮೇಲೆ ಚೂಪಾಗಿದ್ದ ಕಲ್ಲುಗಳು ಕೆಳಗೆ ಹೋದಂತೆ ನುಣ್ಣಗೆ, ದುಂಡಗೆ ಆಗುತ್ತಾ ಬಂದವು. ಉರುಳಿ ಉರುಳಿ ಸವೆದವು ಅವು. ಮಕ್ಕಳಿಗೆ ಇದನ್ನು ಕೈಯಲ್ಲಿ ಮುಟ್ಟಿಸಿಯೇ ತೋರಿಸಬೇಕು. ತೊರೆಯ ಹತ್ತಿರ ಒಂದು ಎಚ್ಚರ ಇರಲಿ. ನೀವಿರುವ ಕಡೆ ಬಿಸಿಲಿದ್ದರೂ ಮೇಲೆ ಮಳೆಯಾದರೆ ನೀರು ದಿಢೀರನೆ ಏರುತ್ತದೆ. ನೀರು ಕೆಂಪಾಗುವುದು ಕಂಡರೆ ಅಥವಾ ಸದ್ದು ಜೋರಾದರೆ ತಕ್ಷಣ ದಡ ಹತ್ತಿಬಿಡಿ.