ಸಣ್ಣ ಬಾಸ್ ಮೀನು ತಿನ್ನಿ, ದೊಡ್ಡದನ್ನ ಬಿಡಿ: ಅಲಬಾಮಾದ ನಮ್ಮ ಒಂದೆಕರೆ ಕೆರೆ

ನಾವಿರೋದು ಅಲಬಾಮಾದ ಪೂರ್ವ ಭಾಗದಲ್ಲಿ, ಆಬರ್ನ್ ಊರಿಂದ ಕಾರಲ್ಲಿ ಅರ್ಧ ಗಂಟೆ. ಮನೆ ತಗೊಂಡಾಗ ಹಿತ್ತಲಲ್ಲಿ ಒಂದೆಕರೆ ಕೆರೆನೂ ಜೊತೆಗೇ ಬಂತು. ಇಲ್ಲಿನವ್ರು ಪಾಂಡ್ ಅಂತಾರೆ, ನಮ್ಮನೇಲಿ ಮಾತ್ರ ಅದು ಕೆರೆನೇ, ಏರಿ ಇದೆ, ಕೋಡಿ ಇದೆ, ತೂಬಿನ ಜಾಗದಲ್ಲಿ ಒಂದು ಪೈಪ್ ನಿಂತಿದೆ, ಏರಿ ಮೇಲೆ ಸಂಜೆ ಓಡಾಡಿದ್ರೆ ಮಳವಳ್ಳಿ ಕಡೆ ನಮ್ಮೂರ ಕೆರೆನೇ ಜ್ಞಾಪಕಕ್ಕೆ ಬರುತ್ತೆ.

ಇದ್ರಲ್ಲಿ ಮೊದಲಿಂದ ಇದ್ದಿದ್ದು ಎರಡೇ ಜಾತಿ ಮೀನು, ಲಾರ್ಜ್‌ಮೌತ್ ಬಾಸ್ ಮತ್ತೆ ಬ್ಲೂಗಿಲ್. ಬಾಸ್ ಅಂದ್ರೆ ನಮ್ಮ ಕೊರಮೀನಿನ ಥರ ಬೇಟೆ ಮೀನು, ಬಾಯಿ ಅಷ್ಟಗಲ ತೆಗೆಯುತ್ತೆ. ಬ್ಲೂಗಿಲ್ ನೋಡೋಕೆ ನಮ್ಮ ಜಿಲೇಬಿ ಮೀನಿನ ಆಕಾರ, ಇನ್ನೂ ಪುಟ್ಟದು, ಇದೇ ಬಾಸ್‌ಗೆ ಊಟ.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲಾ ಉಲ್ಟಾ. ಗಾಳ ಹಾಕೋದು, ಮಗಳ ಕೈಲಿ ಹಿಡಿಸಿ ಫೋಟೋ ತೆಗೆಯೋದು, ವಾಪಸ್ ಬಿಡೋದು. ಪಾಪ ಜೀವ ಬದುಕ್ಲಿ ಅಂತ ಮನಸ್ಸಲ್ಲಿ. ಬರ್ತಿದ್ದ ಬಾಸ್ ಎಲ್ಲಾ 11, 12 ಇಂಚೇ, ಒಂದೂ ಅದಕ್ಕಿಂತ ದೊಡ್ಡದಾಗ್ತಿರ್ಲಿಲ್ಲ. ಒಂದ್ಸಲ ವಿಡಿಯೋ ಕಾಲಲ್ಲಿ ಅವ್ವಂಗೆ ತೋರಿಸ್ದೆ, "ಇದೇನ್ ಮಗ, ಬರೀ ತಲೆನೇ ಐತಲ್ಲ, ಹೊಟ್ಟೆಗೇನೂ ಹಾಕಲ್ವಾ ಇದಕ್ಕೆ" ಅಂದ್ಲು. ಕೆರೆ ಏರಿ ಮೇಲೇ ಬೆಳೆದೋಳು ಅವ್ವ, ಅವಳ ಕಣ್ಣಿಗೆ ಒಂದೇ ನೋಟಕ್ಕೆ ಬಿದ್ದಿದ್ದು ನನಗೆ ಎರಡು ವರ್ಷ ಕಂಡಿರ್ಲಿಲ್ಲ.

ಪಕ್ಕದ ಜಮೀನಲ್ಲಿ ದನ ಸಾಕೋ ಒಬ್ರು ಅಜ್ಜ ಇದಾರೆ, ಎಂಬತ್ತರ ಹತ್ರ ವಯಸ್ಸು. ಬೇಲಿ ಹತ್ರ ಸಿಕ್ಕಾಗ ಇದನ್ನೇ ಹೇಳ್ದೆ. ಈ ವರ್ಷ ಎಷ್ಟು ತಿಂದ್ರಿ ಅಂದ್ರು, ಒಂದೂ ಇಲ್ಲ ಅಂದೆ. ಹಾಗಾದ್ರೆ ನೀವು ಅವನ್ನ ಉಪವಾಸ ಕೆಡವ್ತಿದೀರಿ ಅಂದ್ಬಿಟ್ರು. ಆ ಮಾತು ನನಗೆ ನಿಜಕ್ಕೂ ಚುಚ್ಚಿತು.

ನಮ್ಮೂರ ಕೆರೇಲಿ ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡಲ್ಲ, ಅವಕ್ಕೆ ಹರಿಯೋ ನೀರೇ ಬೇಕು, ಅದಕ್ಕೇ ಹರಾಜು ಹಿಡಿದೋರು ಮೀನು ಮರಿ ತಂದು ಬಿಡ್ತಾರೆ, ಬೆಳೆದ್ಮೇಲೆ ಬಲೆ ಹಾಕಿ ತೆಗೀತಾರೆ, ಲೆಕ್ಕ ಅಲ್ಲಿಗೆ ಮುಗೀತು. ಇಲ್ಲಿ ಹಂಗಲ್ಲ. ಬಾಸ್ ಪ್ರತಿ ವಸಂತದಲ್ಲಿ ಒಂದ್ಸಲ ಇದೇ ಕೆರೇಲಿ ಮರಿ ಮಾಡುತ್ತೆ, ಬ್ಲೂಗಿಲ್ ಬೇಸಿಗೆ ಪೂರ್ತಿ ಮತ್ತೆ ಮತ್ತೆ ಮಾಡುತ್ತೆ, ಮೇ ತಿಂಗಳಲ್ಲಿ ದಡದ ಹತ್ರ ಬಗ್ಗಿ ನೋಡಿದ್ರೆ ತಟ್ಟೆ ಅಗಲದ ಗುಂಡಿಗಳು ಜೇನುಗೂಡಿನ ಥರ ಒಂದಕ್ಕೊಂದು ಅಂಟಿಕೊಂಡಿರ್ತಾವೆ, ಒಂದೊಂದು ಗುಂಡಿಗೂ ಒಂದು ಗಂಡು ಮೀನು ಕಾವಲು. ಒಂದು ಬಾಸ್ ಒಂದು ಕೆಜಿ ತೂಕ ಹೆಚ್ಚಾಗ್ಬೇಕು ಅಂದ್ರೆ ಸುಮಾರು ಹತ್ತು ಕೆಜಿ ಮೀನು ತಿನ್ಬೇಕಂತೆ. ನಾನು ಒಂದನ್ನೂ ತೆಗೀದೆ ಬಿಟ್ಟಿದ್ರಿಂದ ತಿನ್ನೋ ಬಾಯಿ ಹೆಚ್ಚಾಗಿ ಬ್ಲೂಗಿಲ್ ಮರಿ ಎಲ್ಲಾ ಖಾಲಿ. ತಪ್ಪಿಸ್ಕೊಂಡು ಉಳಿದ ನಾಕು ಬ್ಲೂಗಿಲ್ ಮಾತ್ರ ಅಂಗೈ ಅಗಲ ಬೆಳೆದಿದ್ವು. ಬಾಸ್ ಸಣ್ಣದು, ಬ್ಲೂಗಿಲ್ ದೊಡ್ಡದು ಸಿಗ್ತಿದ್ರೆ ಬಾಸ್ ಜಾಸ್ತಿ ಆಗಿದೆ ಅಂತ್ಲೇ ಅರ್ಥ.

ಈ ಲೆಕ್ಕ ಹಾಕಿದ ಜಾಗ ನಮ್ಮ ಪಕ್ಕದ ಆಬರ್ನೇ, 1930ರ ದಶಕದಿಂದ ಅಲ್ಲಿ ಸ್ವಿಂಗಲ್ ಅನ್ನೋ ಪ್ರೊಫೆಸರು ಸಣ್ಣ ಸಣ್ಣ ಕೆರೆ ಕಟ್ಸಿ, ನೀರೆಲ್ಲಾ ಬಸಿದು ಮೀನು ಎಣಿಸಿ, ಎಷ್ಟು ಬಾಸ್‌ಗೆ ಎಷ್ಟು ಬ್ಲೂಗಿಲ್ ಬೇಕು ಅಂತ ಕಂಡ್ಕೊಂಡ್ರು. ಹೊಸ ಕೆರೆಗೆ ಮೊದಲು ಬ್ಲೂಗಿಲ್ ಮರಿ ಬಿಟ್ಟು, ಆಮೇಲೆ ಒಂದು ಬಾಸ್‌ಗೆ ಹತ್ತು ಬ್ಲೂಗಿಲ್ ಲೆಕ್ಕದಲ್ಲಿ ಬಾಸ್ ಬಿಡೋದು ಇವತ್ತಿಗೂ ಇಲ್ಲಿ ನಡೀತಿದೆ. ನಮ್ಮ ರೈತ ಸಂಪರ್ಕ ಕೇಂದ್ರದ ಹಾಗೆ ಇಲ್ಲಿ ಕೌಂಟಿಗೊಂದು ಎಕ್ಸ್‌ಟೆನ್ಶನ್ ಆಫೀಸ್ ಇರುತ್ತೆ, ಅಲ್ಲಿ ಕೇಳಿದ್ದಕ್ಕೆ 14 ಇಂಚಿಗಿಂತ ಚಿಕ್ಕ ಬಾಸ್ ಎಕರೆಗೆ ವರ್ಷಕ್ಕೆ 10, 12 ಕೆಜಿ ತೆಗೀರಿ, ದೊಡ್ಡದು ಬಿಡಿ ಅಂದ್ರು. ಊರಲ್ಲಿ ಅಪ್ಪ ಹೇಳ್ಕೊಟ್ಟಿದ್ದು ಸಣ್ಣದು ಬಿಡು, ದೊಡ್ಡದು ಹಿಡಿ ಅಂತ, ಇಲ್ಲಿ ಅದರ ತದ್ವಿರುದ್ಧ.

ನೀರಿನ ಕೆಲಸನೂ ಇತ್ತು. ಇಲ್ಲಿ ಮಣ್ಣು ಕೆಂಪು, ಹುಳಿ ಜಾಸ್ತಿ, ಸುಣ್ಣದಕಲ್ಲಿನ ಪುಡಿ ಹಾಕದೆ ಎಷ್ಟು ಗೊಬ್ಬರ ಹಾಕಿದ್ರೂ ನೀರಿಗೆ ಹಸಿರು ಹತ್ತಲ್ಲ, ಆ ಹಸಿರು ಪಾಚಿಯಿಂದ್ಲೇ ಬ್ಲೂಗಿಲ್‌ಗೆ ಮೇವು. ಮಣ್ಣು ಟೆಸ್ಟ್ ಮಾಡ್ಸಿ ಎರಡು ಟನ್ ಆ ಪುಡಿ ಹಾಕ್ಸಿದ್ವಿ. ಆಮೇಲೆ ಒಂದು ಕೋಲಿಗೆ ಪೇಂಟ್ ಡಬ್ಬಿ ಮುಚ್ಚಳ ಮೊಳೆ ಹೊಡೆದು ನೀರಲ್ಲಿ ಇಳಿಸ್ತೀನಿ, ಒಂದೂವರೆ ಅಡಿಯಿಂದ ಎರಡಡಿ ಒಳಗೆ ಮುಚ್ಚಳದ ಬಿಳಿ ಮರೆಯಾದ್ರೆ ಹಸಿರು ಸರಿಯಾಗಿದೆ, ಅದಕ್ಕಿಂತ ಮೇಲೇ ಮರೆಯಾದ್ರೆ ಗೊಬ್ಬರ ನಿಲ್ಲಿಸ್ಬೇಕು.

ಒಂದು ತಪ್ಪು ಮಾತ್ರ ಇವತ್ತಿಗೂ ಸಂಕಟ ಕೊಡುತ್ತೆ. ಒಂದು ಆಗಸ್ಟಲ್ಲಿ ಕಳೆ ವಿಪರೀತ ಹೆಚ್ಚಿತ್ತು, ನಾನು ಒಂದೇ ದಿನ ಇಡೀ ಕೆರೆಗೆ ಔಷಧಿ ಹೊಡೆದುಬಿಟ್ಟೆ. ಕಳೆ ಸತ್ತು ಕೊಳೆಯೋವಾಗ ನೀರಲ್ಲಿರೋ ಆಮ್ಲಜನಕ ಎಳ್ಕೊಳ್ಳುತ್ತೆ, ಬಿಸಿ ನೀರಲ್ಲಿ ಅದು ಮೊದ್ಲೇ ಕಮ್ಮಿ, ಸಾಲದ್ದಕ್ಕೆ ಮೂರು ದಿನ ಮೋಡ. ನಾಲ್ಕನೇ ದಿನ ಬೆಳಕು ಹರಿಯೋ ಹೊತ್ತಿಗೆ ಹೋಗಿ ನೋಡ್ತೀನಿ, ನೀರಿನ ಮೇಲೆಲ್ಲಾ ಮೀನಿನ ಬಾಯಿಗಳು, ಗುಳುಕ್ ಗುಳುಕ್ ಅಂತ ಗಾಳಿ ಎಳೀತಿವೆ. ಅಜ್ಜ ಟ್ರ್ಯಾಕ್ಟರ್ ಪಂಪ್ ತಂದು ನೀರೆತ್ತಿ ಚಿಮ್ಮಿಸಿದ್ರು. ಅಷ್ಟರಲ್ಲೇ 19 ದೊಡ್ಡ ಬಾಸ್ ಹೋಗಿದ್ವು, ಇಂಥ ಹೊತ್ತಲ್ಲಿ ಮೊದಲು ಸಾಯೋದು ದೊಡ್ಡವೇ. ಗುಂಡಿ ತೋಡಿ ನಾನೇ ಹೂಳ್ದೆ, ಮಗಳು ಆವತ್ತು ತಿಂಡಿ ತಿನ್ನಲಿಲ್ಲ. ಈಗ ಕಳೆಗೆ ಮೂರನೇ ಒಂದು ಭಾಗ ಮಾತ್ರ ಔಷಧಿ, ಅದೂ ಏಪ್ರಿಲಲ್ಲೇ, ಜೊತೆಗೆ ಕಳೆ ತಿನ್ನೋ ಹುಲ್ಲುಗೆಂಡೆ ಮೀನು ಐದು ಬಿಟ್ಟಿದೀವಿ.

ಕಳೆದ ಎರಡು ವರ್ಷದಲ್ಲಿ ಸಣ್ಣ ಬಾಸ್ 81 ತೆಗೆದಿದೀವಿ, ಪ್ರತಿಯೊಂದರ ಉದ್ದ, ತೂಕ ಮಗಳ ನೋಟ್‌ಬುಕ್‌ನಲ್ಲಿದೆ. ಬೆಳಿಗ್ಗೆ ಆರಕ್ಕೆ ಪ್ಲಾಸ್ಟಿಕ್ ಎರೆಹುಳ ಕಟ್ಟಿ ದಡದ ಹುಲ್ಲಿನ ಅಂಚಿಗೆ ಎಸೆದು ನಿಧಾನಕ್ಕೆ ಎಳೆದ್ರೆ ಸಾಕು, ದಾರದಲ್ಲಿ ಟಕ್ ಅಂತ ಒಂದು ಸಣ್ಣ ಏಟು ಬೆರಳಿಗೆ ಗೊತ್ತಾಗುತ್ತೆ. ಬಾಸ್‌ದು ಬಿಳೀ ಗಟ್ಟಿ ಮಾಂಸ, ಕಾಟ್ಲಾ ಥರ ಮುಳ್ಳಿನ ಕಾಟ ಇಲ್ಲ, ಹುಣಸೆಹುಳಿ ಹಿಂಡಿ ಅವ್ವ ಹೇಳಿದ ಹಾಗೇ ಸಾರು ಮಾಡಿದ್ರೆ ಮುದ್ದೆಗೆ ಎಷ್ಟು ಹೊಂದುತ್ತೆ ಅಂತೀರಿ.

ಮೊದಲು 12 ಇಂಚಿನ ಬಾಸ್ 290 ಗ್ರಾಂ ತೂಗ್ತಿತ್ತು. ಹೋದ ಶನಿವಾರ ಮಗಳು ಹಿಡಿದ 12 ಇಂಚಿಂದು 405 ಗ್ರಾಂ. ಅದನ್ನ ಬಕೆಟ್‌ಗೆ ಹಾಕಿ ಮತ್ತೆ ಎಸೆದ್ಲು, ಈ ಸಲ 16 ಇಂಚಿಂದು ಬಂತು, ಒಂದು ಕೆಜಿಗೂ ಸ್ವಲ್ಪ ಮೇಲೆ. ಅವ್ವ ಫೋನಲ್ಲೇ ಇದ್ಲು, "ಈಗ ನೋಡು, ಹೊಟ್ಟೆ ಬಂದೈತೆ, ಬಿಡವ್ವ ಅದನ್ನ ಬೇಗ, ಉಸಿರು ಕಟ್ತದೆ" ಅಂತ ಅಲ್ಲಿಂದ್ಲೇ ಕೂಗ್ತಿದ್ಲು. ಮಗಳು ಎರಡೂ ಕೈಯಲ್ಲಿ ಹಿಡ್ಕೊಂಡು ಮೊಣಕಾಲುದ್ದ ನೀರಿಗಿಳಿದು ಬಿಟ್ಲು.