ಸ್ಟಿಕ್ ಕೆಟ್ಟಿಲ್ಲ, ಗೇಟ್ ನೋಡಿ

ಆರ್ಕೇಡ್ ಕ್ಯಾಬಿನೆಟ್ (ಜಾಯ್‌ಸ್ಟಿಕ್, ಬಟನ್ ಇರುವ ವಿಡಿಯೋ ಗೇಮ್ ಪೆಟ್ಟಿಗೆ) ರಿಪೇರಿಯವರಿಗೆ ಸೀಸನ್‌ನಲ್ಲಿ ಶನಿವಾರ ಸಂಜೆ ಬರುವ ಫೋನಿನಲ್ಲಿ ಒಂದೇ ಮಾತು: "ಅಣ್ಣಾ, ಜಾಯ್‌ಸ್ಟಿಕ್ ಹೋಯ್ತು. ಗೆಸ್ಟ್ ಮಕ್ಕಳು ಗಲಾಟೆ ಮಾಡ್ತಾ ಇದ್ದಾರೆ, ಹೊಸದು ಹಿಡ್ಕೊಂಡೇ ಬನ್ನಿ." ಮಡಿಕೇರಿ ಆಚೆಯ ಒಂದು ಹೋಂಸ್ಟೇಯಲ್ಲಿ ಹೀಗೇ ಹೊಸ ಸ್ಟಿಕ್ ಹಾಕಿದ್ದಾಯಿತು. ಪ್ಯಾನೆಲ್ ಎತ್ತಿ ಮೀಟರ್ ಹಿಡಿದರೆ ನಾಲ್ಕೂ ಸ್ವಿಚ್ ಬೀಪ್ ಅನ್ನುತ್ತವೆ. ಟೆಸ್ಟ್ ಮೋಡ್‌ನಲ್ಲಿ ನಾಲ್ಕೂ ದಿಕ್ಕು ಸರಿ. ಪ್ಯಾನೆಲ್ ಮುಚ್ಚಿ ಆಟ ಹಾಕಿದರೆ ಪ್ಯಾಕ್-ಮ್ಯಾನ್ ತಿರುವು ಬಿಟ್ಟು ನೇರ ಹೋಗಿ ದೆವ್ವದ ಬಾಯಿಗೆ ಬೀಳುತ್ತದೆ. ಹಿಂದೆ ನಿಂತ ಹುಡುಗನೊಬ್ಬ "ಅಂಕಲ್‌ಗೆ ಆಡೋಕೆ ಬರಲ್ಲ" ಎಂದ. ಮತ್ತೆ ಬಿಚ್ಚಿ, ಹಾರ್ನೆಸ್ (ವೈರ್‌ಗಳ ಕಟ್ಟು) ಬದಲಿಸಿ, ಸ್ವಿಚ್ ಒತ್ತಿದ್ದನ್ನು ಆಟಕ್ಕೆ ತಿಳಿಸುವ ಎನ್‌ಕೋಡರನ್ನೂ ಬೈದದ್ದಾಯಿತು. ಗೇಟ್ ಕಡೆ, ಅಂದರೆ ಸ್ಟಿಕ್ ಯಾವ ಕಡೆ ಎಷ್ಟು ಓಲಬಹುದೆಂದು ಮಿತಿ ಹಾಕುವ ಅಡಿಯ ಚೌಕಟ್ಟಿನ ಕಡೆ, ಕಣ್ಣು ಹೋಗಿದ್ದು ಎಲ್ಲ ಮುಗಿದ ಮೇಲೆ. ಆಫೀಸಿನ ಲೆಕ್ಕದಲ್ಲಿ ಆ ಕಾಲ್ "ಸ್ಟಿಕ್ ರೀಪ್ಲೇಸ್ಡ್" ಎಂದೇ ಕ್ಲೋಸ್ ಆಗಿದೆ.

ಪ್ಯಾಕ್-ಮ್ಯಾನ್ 1980ರದು, ಡಾಂಕಿ ಕಾಂಗ್ 1981ರದು. ಎರಡೂ ಫೋರ್-ವೇ (ಮೇಲೆ, ಕೆಳಗೆ, ಎಡ, ಬಲ ಮಾತ್ರ) ಸ್ಟಿಕ್‌ಗೆ ಬರೆದ ಆಟಗಳು. ಓರೆ ದಿಕ್ಕುಗಳಿಗೂ ಬಿಡುವ ಏಯ್ಟ್-ವೇ ಗೇಟ್‌ನಲ್ಲಿ ಕೈ ಸ್ವಲ್ಪ ಓರೆಯಾದರೂ ಎರಡು ಸ್ವಿಚ್ ಒಟ್ಟಿಗೆ ಒತ್ತುತ್ತವೆ. ಆಟ ತನ್ನ ಲೆಕ್ಕದಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆಡುವವರಿಗೆ ಬೇಕಾದ್ದು ಇನ್ನೊಂದು. ಒಂದೊಂದೇ ದಿಕ್ಕು ಒತ್ತಿ ನೋಡುವ ಟೆಸ್ಟ್ ಮೋಡ್‌ನಲ್ಲಿ ಇದು ಯಾವತ್ತೂ ಸಿಕ್ಕಿಬೀಳುವುದಿಲ್ಲ. ಸ್ಟಿಕ್ಕನ್ನು ವೃತ್ತಾಕಾರವಾಗಿ ನಿಧಾನ ತಿರುಗಿಸಿ, ಎಲ್ಲಿ ಎರಡು ಸ್ವಿಚ್ ಒಟ್ಟಿಗೆ ಆನ್ ಆಗುತ್ತವೆ ಎಂದು ನೋಡಬೇಕು.

ಜಪಾನಿನ ಸನ್ವಾ ಕಂಪನಿಯ ಜೆಎಲ್‌ಎಫ್ ಸ್ಟಿಕ್‌ನಲ್ಲಿ ಇದಕ್ಕೆ ದುಡ್ಡೇ ಬೇಡ. ಅಡಿಯ ಚೌಕ ಗೇಟ್ ಬಿಚ್ಚಿ 45 ಡಿಗ್ರಿ ತಿರುಗಿಸಿ ಕೂರಿಸಿದರೆ ಅದು ವಜ್ರಾಕಾರವಾಗುತ್ತದೆ. ಓರೆಯಲ್ಲಿ ಎರಡು ಸ್ವಿಚ್ ಮುಟ್ಟುವಷ್ಟು ಜಾಗ ಉಳಿಯುವುದಿಲ್ಲ. ತೊಂದರೆ ಏನೆಂದರೆ ಇಲ್ಲಿನ ಹೋಂಸ್ಟೇಗಳಲ್ಲಿ ಇರುವುದು ಬಹುಪಾಲು 60-ಇನ್-1 ಜಾಮಾ ಬೋರ್ಡ್, ಅಂದರೆ ಅರವತ್ತು ಆಟ ಒಂದರಲ್ಲೇ ಇರುವ ಸರ್ಕ್ಯೂಟ್ ಬೋರ್ಡ್. ಅದೇ ಪಟ್ಟಿಯಲ್ಲಿ ಗ್ಯಾಲಗಾ ಆಟಕ್ಕೆ ಎಡ-ಬಲ ಸಾಕು, "1942" ಎಂಬ ಆಟದ ವಿಮಾನಕ್ಕೆ ಎಂಟೂ ದಿಕ್ಕು ಬೇಕು. ಫೋರ್-ವೇ ಮಾಡಿದ ಮರುದಿನವೇ "ವಿಮಾನ ಓರೆ ಹೋಗಲ್ಲ" ಎಂದು ಇನ್ನೊಂದು ಫೋನ್ ಬರುತ್ತದೆ. ಹಾಗಾಗಿ ಮಾಲೀಕರನ್ನು ಮೊದಲು ಕೇಳಬೇಕಾದ್ದು "ಯಾವ ಬ್ರ್ಯಾಂಡ್ ಬೇಕು" ಅಂತಲ್ಲ, "ಇಲ್ಲಿ ಯಾವ ಆಟ ಹೆಚ್ಚು ಓಡುತ್ತದೆ" ಅಂತ. ಎರಡೂ ಬೇಕೆಂದರೆ ಪ್ಲೇಯರ್ ಒಂದಕ್ಕೆ ಫೋರ್-ವೇ, ಪಕ್ಕಕ್ಕೆ ಇನ್ನೊಂದು ಏಯ್ಟ್-ವೇ ಸ್ಟಿಕ್ ಪ್ಯಾರಲಲ್ ಆಗಿ ಎಳೆಯಿರಿ. ಇಲ್ಲವೇ ಅಲ್ಟಿಮಾರ್ಕ್ ಕಂಪನಿಯ ಮ್ಯಾಗ್-ಸ್ಟಿಕ್ ಪ್ಲಸ್‌ನಂಥದ್ದು, ಫೋರ್-ವೇ ಏಯ್ಟ್-ವೇ ಎರಡನ್ನೂ ಪ್ಯಾನೆಲ್ ಮೇಲಿನಿಂದಲೇ ಬದಲಾಯಿಸುವಂಥದ್ದು ತರಿಸಿ. ಸ್ಟ್ರೀಟ್ ಫೈಟರ್ 2 ಮಾತ್ರ ಆಡುವ ಮನೆಯಾದರೆ ಚೌಕವೋ ಅಷ್ಟಕೋನವೋ ಎಂಬ ಜಗಳ ಶುರು. ಪಳಗಿದ ಕೈಗೆ ಚೌಕದ ಮೂಲೆ ಗುರುತು ಕೊಡುತ್ತದೆ. ವಾರಾಂತ್ಯಕ್ಕೆ ಬರುವವರಿಗೆ ಅಷ್ಟಕೋನವೇ ಸುಲಭ. ಜೆಎಲ್‌ಎಫ್‌ಗೆ ಅದು ಜಿಟಿ-ವೈ ಎಂಬ ಹೆಸರಲ್ಲಿ ಬೇರೆಯಾಗಿಯೇ ಸಿಗುತ್ತದೆ.

ಇನ್ನು ಹಲಗೆ. ಜಪಾನಿ ಸ್ಟಿಕ್‌ಗಳು ತೆಳು ಲೋಹದ ಪ್ಯಾನೆಲ್‌ಗೆ ಮಾಡಿದವು. ನಮ್ಮ ಬಡಗಿಗಳು 18 ಎಂ.ಎಂ. ಪ್ಲೈವುಡ್ಡೇ ಹಾಕುವುದು. ಅಡಿಯಿಂದ ಹಾಗೇ ಕಟ್ಟಿದರೆ ಶಾಫ್ಟ್ (ಸ್ಟಿಕ್‌ನ ಕಡ್ಡಿ) ಗಿಡ್ಡವಾಗಿ ಬೆರಳು ಹಲಗೆಗೆ ಉಜ್ಜುತ್ತದೆ. ಸ್ಟಿಕ್ ಕೂರುವಷ್ಟು ಜಾಗವನ್ನು ಅಡಿಯಿಂದ ರೂಟರ್‌ನಲ್ಲಿ 12 ಎಂ.ಎಂ. ಕೊರೆದು 6 ಎಂ.ಎಂ. ಉಳಿಸಿ, ಅಥವಾ ಶಾಫ್ಟ್ ಎಕ್ಸ್‌ಟೆಂಡರ್ ಹಾಕಿ. ಮರದ ಪ್ಯಾನೆಲ್‌ಗೆಂದೇ ಇರುವ, ಅಮೆರಿಕದ ಹ್ಯಾಪ್ ಕಂಪನಿ ಮಾದರಿಯ ಉದ್ದ ಶಾಫ್ಟ್ ಸ್ಟಿಕ್ ಆದರೆ ಈ ರಗಳೆಯಿಲ್ಲ. ಮಕ್ಕಳು ಜೋತುಬೀಳುವ ಜಾಗಕ್ಕೆ ಅದೇ ಲೇಸು. ಬಾಲ್-ಟಾಪ್‌ನ (ತುದಿಗೆ ಚೆಂಡಿರುವ ಜಪಾನಿ ಸ್ಟಿಕ್‌ನ) ಶಾಫ್ಟ್‌ಗೆ 24 ಎಂ.ಎಂ. ತೂತು, ಸನ್ವಾ ಬಟನ್‌ಗೆ 30. ಹ್ಯಾಪ್ ಬಟನ್‌ಗೆ 28 ಸಾಕು. ಮೊದಲೇ 30 ಕೊರೆದರೆ ಬಟನ್ ಅಲ್ಲಾಡುತ್ತದೆ. ವೈರ್ ಸಿಕ್ಕಿಸುವ ಟರ್ಮಿನಲ್ ಕೂಡ ಬೇರೆ: ಸನ್ವಾ ಬಟನ್‌ಗೆ 2.8 ಎಂ.ಎಂ., ಹ್ಯಾಪ್‌ಗೆ 4.8. ಪರ್ಚೇಸ್ ವಿಭಾಗ ಎರಡನ್ನೂ "ಆರ್ಕೇಡ್ ಕನೆಕ್ಟರ್" ಎಂದು ಒಂದೇ ಪ್ಯಾಕೆಟ್‌ನಲ್ಲಿ ಕಳಿಸುತ್ತದೆ.

ವೈರ್ ಎಳೆಯುವಾಗ ನೆನಪಿರಲಿ, ಸ್ಟಿಕ್ ಮೇಲೆ ತಳ್ಳಿದರೆ ಒತ್ತುವುದು ಕೆಳಗಿನ ಸ್ವಿಚ್. ಎಡಕ್ಕೆ ತಳ್ಳಿದರೆ ಬಲದ್ದು. ಶಾಫ್ಟ್ ನಡುವೆ ಪಿವಟ್ (ಓಲಾಡುವ ಕೀಲು) ಇರುವುದರಿಂದ ಹೀಗೆ. ಸಾಮಾನ್ಯ ಮೈಕ್ರೋಸ್ವಿಚ್‌ನಲ್ಲಿ ಕಾಮ್ (ಕಾಮನ್) ಮತ್ತು ಎನ್‌ಒ (ಒತ್ತಿದಾಗ ಮಾತ್ರ ಕೂಡುವ ಕಾಲು) ಮಾತ್ರ ಬಳಸಿ. ಒತ್ತದೆಯೂ ಕೂಡಿಯೇ ಇರುವ ಎನ್‌ಸಿಗೆ ಹಾಕಿದರೆ ಯಾರೂ ಮುಟ್ಟದೆಯೂ ಆಟ ಒಂದೇ ಕಡೆ ಓಡುತ್ತದೆ. ನಾಲ್ಕೂ ದಿಕ್ಕು ಸತ್ತಿದ್ದರೆ ಗ್ರೌಂಡ್ ನೋಡಿ, ಒಂದೇ ಸತ್ತಿದ್ದರೆ ಆ ಸ್ವಿಚ್ ಇಲ್ಲವೇ ಅದರ ವೈರ್.

ಹೊಂದಿಸುವ ಕೆಲಸದಲ್ಲಿ ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ. ಸ್ಟಿಕ್ ಬಿಟ್ಟ ಕೂಡಲೇ ಎದುರು ದಿಕ್ಕಿನ ಸ್ವಿಚ್ ಒಂದು ಕ್ಷಣ ಮಿನುಗಿದರೆ ಸ್ಪ್ರಿಂಗ್ ಸಡಿಲ, ಗಟ್ಟಿಯದು ಹಾಕಿ. ಆದರೆ ತೀರಾ ಗಟ್ಟಿಯಾದರೆ ಚಿಕ್ಕ ಮಕ್ಕಳ ಕೈ ಸೋಲುತ್ತದೆ. ಶಾಫ್ಟ್ ಬುಡದಲ್ಲಿದ್ದು ಸ್ವಿಚ್ಚನ್ನು ಒತ್ತುವ ಆಕ್ಚುಯೇಟರ್ ದಪ್ಪನಾದಷ್ಟೂ ಸ್ವಿಚ್ ಬೇಗ ಒತ್ತುತ್ತದೆ, ಓರೆಯೂ ಬೇಗ ಸಿಗುತ್ತದೆ. ಫೈಟಿಂಗ್ ಆಟಕ್ಕೆ ಅದು ಒಳ್ಳೆಯದು, ಪ್ಯಾಕ್-ಮ್ಯಾನ್‌ಗೆ ಮತ್ತದೇ ಕಥೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಶತ್ರು ಮಳೆ. ಎಂಡಿಎಫ್ ಹಲಗೆ ತೂತಿನ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ಸ್ಟಿಕ್ ಬುಡಸಮೇತ ಅಲ್ಲಾಡುತ್ತದೆ. ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೀನ್ ಪ್ಲೈ ಹಾಕಿಸಿ, ಕೊರೆದ ಪ್ರತಿ ತೂತಿನ ಒಳಗೂ ವಾರ್ನಿಷ್ ಬಳಿಯಿರಿ, ಮರದ ಸ್ಕ್ರೂ ಬಿಟ್ಟು ಬೋಲ್ಟ್ ಮತ್ತು ಸಡಿಲಾಗದ ನೈಲಾಕ್ ನಟ್ ಬಳಸಿ. ಬದಲಿ ಸ್ವಿಚ್ ಕೊಳ್ಳುವಾಗ ಚಿನ್ನದ ಲೇಪನದ, ಕಡಿಮೆ ಕರೆಂಟಿನ ಕಾಂಟ್ಯಾಕ್ಟ್ ಇರುವುದನ್ನೇ ಕೇಳಿ. 5 ವೋಲ್ಟ್‌ನ ಸಣ್ಣ ಕರೆಂಟಿಗೆ ಬೆಳ್ಳಿ ಕಾಂಟ್ಯಾಕ್ಟ್ ಮೇಲಿನ ಕಪ್ಪು ಪದರ ದಾಟಲಾಗದು. ಕ್ಲಿಕ್ ಸದ್ದು ಬರುತ್ತದೆ, ಆಟಕ್ಕೆ ಮಾತ್ರ ಏನೂ ಮುಟ್ಟುವುದಿಲ್ಲ. ಒಳಗಿನ ತೇವ ಆರಲು, ಗೆಸ್ಟ್ ಇಲ್ಲದ ವಾರಗಳಲ್ಲೂ ಕ್ಯಾಬಿನೆಟ್ಟನ್ನು ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಲು ಕೇರ್‌ಟೇಕರ್‌ಗೆ ಹೇಳಿ. ಗುಡುಗಿದರೆ ಪ್ಲಗ್ ಕೀಳಲಿ.

ಕಿರ್ ಅನ್ನುತ್ತದೆಂದು ತೆಂಗಿನೆಣ್ಣೆ ಬಿಡುವವರು ಪ್ರತಿ ಊರಲ್ಲೂ ಇದ್ದಾರೆ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಸ್ಟಿಕ್ ನಡುವಿಗೆ ವಾಪಸ್ ಬರುವುದೇ ಇಲ್ಲ. ಪಿವಟ್‌ಗೆ ಮಾತ್ರ ತೆಳ್ಳಗೆ ಸಿಲಿಕೋನ್ ಗ್ರೀಸ್, ಸ್ವಿಚ್ ಒಳಗೆ ಏನೂ ಬೇಡ. ಅದಕ್ಕಾಗಿ ಬಿಚ್ಚುವಾಗ ಶಾಫ್ಟ್ ಬುಡದ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಚೆಂಡು ತಿರುಗಿಸಿ ತೆಗೆಯಿರಿ, ಆಕ್ಚುಯೇಟರ್ ಒತ್ತಿ ಹಿಡಿದು ಇ-ಕ್ಲಿಪ್ (ಶಾಫ್ಟ್ ತುದಿ ಹಿಡಿದಿಡುವ E ಆಕಾರದ ಪುಟ್ಟ ಕ್ಲಿಪ್) ಎಬ್ಬಿಸಿ. ಕ್ಲಿಪ್ ಮೇಲೆ ಬೆರಳಿರಲಿ. ಸೋಫಾ ಅಡಿಗೆ ಹಾರಿದರೆ ಅದರ ಬದಲಿಗೆ ಗೋಣಿಕೊಪ್ಪದಲ್ಲೂ ಕುಶಾಲನಗರದಲ್ಲೂ ಅಲೆಯುವುದಕ್ಕಿಂತ ನಾಲ್ಕು ಕ್ಲಿಪ್, ಎರಡು ಸ್ವಿಚ್, ಒಂದು ಸ್ಪ್ರಿಂಗ್ ಕ್ಯಾಬಿನೆಟ್ ಒಳಗೇ ಕವರ್‌ನಲ್ಲಿ ಅಂಟಿಸಿ ಬರುವುದು ಅಗ್ಗ.