ರೋಮ್ ಒಂದು ದಿನದಲ್ಲಿ ಕವರ್ ಆಗುತ್ತದೆಯೇ?

ಆಗುತ್ತದೆ. ಇಷ್ಟು ಉತ್ತರ ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಮ್ಯೂನಿಕ್ ನಗರದಲ್ಲಿ ಕೆಲಸಕ್ಕೆ ಸೇರಿ ಎಂಟು ವರ್ಷಗಳಾದವು. ಅಂದಿನಿಂದ ಇಂದಿನವರೆಗೆ ಯುರೋಪ್ ಪ್ರವಾಸಕ್ಕೆ ಹೊರಡುವ ಬಂಧುಗಳು, ಬಂಧುಗಳ ಬೀಗರು, ಆ ಬೀಗರ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ, ಎಲ್ಲರೂ ಫೋನ್ ಮಾಡಿ ಕೇಳುವುದು ಇದೊಂದನ್ನೇ. ನಾನಿರುವುದು ಜರ್ಮನಿ, ರೋಮ್ ಇರುವುದು ಆಲ್ಪ್ಸ್ ಪರ್ವತದ ಆಚೆ ಇಟಲಿಯಲ್ಲಿ ಎಂದರೆ "ಅಲ್ಲೇ ಪಕ್ಕದಲ್ಲಲ್ಲವಾ, ನಿನಗೆ ಗೊತ್ತಿರುತ್ತೆ ಬಿಡು" ಎನ್ನುತ್ತಾರೆ. ಗೊತ್ತಿರುವುದು ನಿಜ. 2024ರ ಜೂನ್ ತಿಂಗಳಲ್ಲಿ ಹಾಸನದ ಇಬ್ಬರು ಸಹಪಾಠಿಗಳು ಮತ್ತು ಅವರಲ್ಲೊಬ್ಬನ ಹೆಂಡತಿಯ ಜೊತೆ ನಾನೂ ಆ ಊರನ್ನು ಒಂದೇ ದಿನದಲ್ಲಿ ಸುತ್ತಿ ಬಂದಿದ್ದೇನೆ. ಅದನ್ನು ಫೋನಿನಲ್ಲಿ ಇನ್ನೊಮ್ಮೆ ಹೇಳುವ ತಾಳ್ಮೆ ನನಗಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ನನಗೆ ಸಿಟ್ಟು ಬರುವುದು ಆ 'ಕವರ್' ಎಂಬ ಮಾತಿನಿಂದ. ಶಾಲೆ ತೆರೆಯುವ ವಾರದಲ್ಲಿ ನಾವು ನೋಟ್‌ಬುಕ್ಕುಗಳಿಗೆ ಕಂದು ಕಾಗದದ ಕವರ್ ಹಾಕಿ, ಲೇಬಲ್ ಅಂಟಿಸಿ, ಹೆಸರು ಬರೆದು ಜೋಡಿಸಿಡುತ್ತಿದ್ದೆವು. ಒಳಗಿನ ಹಾಳೆಗಳ ಗತಿ ಮಾರ್ಚ್ ತಿಂಗಳಲ್ಲಿ ತಿಳಿಯುತ್ತಿತ್ತು. ರೋಮ್ ಕವರ್ ಮಾಡಿದವರ ಮಾತೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಹೋದ ಜಾಗಗಳ ಹೆಸರು ಹೇಳುತ್ತಾರೆ, ಫೋಟೋ ತೋರಿಸುತ್ತಾರೆ, ಮುಂದಿನ ಊರಿನ ಹೆಸರಿಗೆ ಹೋಗುತ್ತಾರೆ. ಇದನ್ನು ಹೀಯಾಳಿಸುವ ಹಕ್ಕು ನನಗಿದೆ ಎಂದುಕೊಂಡಿಲ್ಲ, ಏಕೆಂದರೆ ನಮ್ಮ ಗುಂಪಿನಲ್ಲಿ ಎಕ್ಸೆಲ್ ಹಾಳೆಯೇ ಇತ್ತು. ಬ್ಯಾಂಕಿನಲ್ಲಿರುವ ಗೆಳೆಯ ಹಾಸನದಲ್ಲಿ ಕುಳಿತೇ ಅದನ್ನು ಸಿದ್ಧಪಡಿಸಿದ್ದ. ಒಂದು ಸಾಲಿಗೆ ಒಂದು ಸ್ಥಳ, ಅದರ ಎದುರು ಸಮಯ, ನೋಡಿ ಮುಗಿಸಿದೊಡನೆ ಹಸಿರು ಬಣ್ಣ.

ಮೊದಲ ಸಾಲು ಬೆಳಿಗ್ಗೆ 8ಕ್ಕೆ ವ್ಯಾಟಿಕನ್ ಮ್ಯೂಸಿಯಂ. ಅದರ ದಾರಿಗಳೆಲ್ಲ ಸೇರಿದರೆ ಸುಮಾರು 7 ಕಿಲೋಮೀಟರ್ ಎನ್ನುತ್ತಾರೆ. ನಮ್ಮ ಕಾಲುಗಳು ಅದಕ್ಕಿಂತ ಹೆಚ್ಚೆಂದೇ ಸಾಕ್ಷಿ ಹೇಳುತ್ತವೆ. ಸಿಸ್ಟೀನ್ ಚಾಪೆಲ್ ಒಳಗೆ ಗೋಡೆಯುದ್ದಕ್ಕೂ ಇರುವ ಬೆಂಚುಗಳು ಭರ್ತಿಯಾಗಿದ್ದವು, ಉಳಿದವರೆಲ್ಲ ಕತ್ತು ಹಿಂದಕ್ಕೆ ಬಾಗಿಸಿ ನಿಂತಿದ್ದೆವು, ಕಾವಲುಗಾರರು ಆಗಾಗ "ಸಿಲೆನ್ಸಿಯೋ" ಎಂದು ಕೂಗಿ ಮೌನವನ್ನು ಮುರಿಯುತ್ತಿದ್ದರು. ಮೈಕೆಲ್ಯಾಂಜೆಲೋ ಆ ಛಾವಣಿಯ ಚಿತ್ರಗಳನ್ನು ಮಲಗಿಕೊಂಡು ಬಿಡಿಸಿದ ಎಂಬ ಮಾತು ತಪ್ಪು. 1508ರಿಂದ 1512ರವರೆಗೆ ಅಟ್ಟಣೆಯ ಮೇಲೆ ನಿಂತು, ತಲೆಯೆತ್ತಿ ಬಿಡಿಸಿದ, ಆ ಭಂಗಿಯಿಂದ ಮೈಗಾದ ಪಾಡನ್ನು ಗೆಳೆಯನಿಗೆ ಪದ್ಯದಲ್ಲಿ ಬರೆದು ದೂರಿಕೊಂಡ. ನಾಲ್ಕು ವರ್ಷಗಳ ಆ ದುಡಿಮೆಗೆ ನಮ್ಮ ಹಾಳೆಯಲ್ಲಿ ಹದಿನೈದು ನಿಮಿಷಗಳಿದ್ದವು, ನಾವು ಹನ್ನೊಂದರಲ್ಲಿ ಮುಗಿಸಿದೆವು. ನಾಲ್ಕು ನಿಮಿಷ ಉಳಿತಾಯವಾಯಿತೆಂದು ಬ್ಯಾಂಕಿನವನು ಸಂತೋಷಪಟ್ಟ. ಸಂತ ಪೀಟರನ ಬೆಸಿಲಿಕಾಕ್ಕೆ ಮೊಣಕಾಲು ಕಾಣುವ ಉಡುಪಿನಲ್ಲಿ ಬಿಡುವುದಿಲ್ಲವಾದ್ದರಿಂದ ಚಡ್ಡಿ ತೊಟ್ಟಿದ್ದ ಆತ ಹೆಂಡತಿಯ ದುಪಟ್ಟಾವನ್ನು ಪಂಚೆಯಂತೆ ಸುತ್ತಿಕೊಂಡು ಒಳಗೆ ಬಂದ. ಅಲ್ಲಿನ ಫೋಟೋಗಳನ್ನು ಆತ ಯಾರಿಗೂ ತೋರಿಸಿಲ್ಲ.

ಮಧ್ಯಾಹ್ನದ ಊಟವೆಂದರೆ ಕತ್ತರಿಯಿಂದ ಕತ್ತರಿಸಿ, ತೂಕ ಹಾಕಿ ಕೊಟ್ಟ ಪಿಜ್ಜಾ. ಅದನ್ನು ನಿಂತೇ ತಿಂದೆವು. ಕಾಫಿಯನ್ನೂ ಕೌಂಟರಿನ ಮುಂದೆ ನಿಂತೇ ಕುಡಿದೆವು, ಏಕೆಂದರೆ ಅದೇ ಕಾಫಿಯನ್ನು ಕುರ್ಚಿಯಲ್ಲಿ ಕುಳಿತು ಕುಡಿದರೆ ಅಲ್ಲಿ ಬೆಲೆ ಬೇರೆ.

ಕೊಲೋಸಿಯಂ ಬಾಗಿಲಲ್ಲಿ ಇನ್ನೊಂದು ಬಗೆಯ ತೊಡಕು ಎದುರಾಯಿತು. ಅಲ್ಲಿ ಟಿಕೆಟ್ಟಿನ ಮೇಲಿನ ಹೆಸರು ಗುರುತಿನ ಚೀಟಿಯ ಹೆಸರಿಗೆ ತಾಳೆಯಾಗಬೇಕು. ನಮ್ಮ ಇನ್ನೊಬ್ಬ ಗೆಳೆಯನ ಟಿಕೆಟ್ಟಿನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರಿತ್ತು. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಚ್ಚಿಕೊಂಡು ಒಂದು ಊರಿನ ಹೆಸರೂ ತಂದೆಯ ಹೆಸರೂ ಆಗಿದ್ದವು. ಇವುಗಳಲ್ಲಿ ನಿನ್ನ ಮನೆತನದ ಹೆಸರು ಯಾವುದು ಎಂದು ಕಾವಲಿನ ಹೆಂಗಸು ಕೇಳಿದರು. ಅಂಥದ್ದೊಂದು ನಮ್ಮಲ್ಲಿ ಇಲ್ಲ, ಮೊದಲಿನದು ನನ್ನ ಅಜ್ಜನ ಹಳ್ಳಿ, ಅಲ್ಲೀಗ ನಮ್ಮ ಮನೆಯೂ ಇಲ್ಲ ಎಂದು ಈತ ಉರಿಬಿಸಿಲಿನಲ್ಲಿ ನಿಂತು ವಿವರಿಸತೊಡಗಿದ. ಹಿಂದಿನ ಸಾಲಿನವರು ಗೊಣಗತೊಡಗಿದ ಮೇಲೆ, ಪೂರ್ತಿ ಕೇಳುವುದಕ್ಕಿಂತ ಒಳಗೆ ಬಿಡುವುದೇ ಸುಲಭವೆಂದು ಆಕೆ ಕೈಬೀಸಿದರು.

ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಉದ್ಘಾಟಿಸಿದ ಈ ಕಟ್ಟಡದ ಕಮಾನುಗಳ ಮೇಲೆ ಕೊರೆದ ಅಂಕಿಗಳು ಇಂದಿಗೂ ಕಾಣುತ್ತವೆ. ಬಂದ ಪ್ರೇಕ್ಷಕ ತನ್ನ ಸಂಖ್ಯೆಯ ಬಾಗಿಲಿನಿಂದ ನುಗ್ಗಿ ನೇರವಾಗಿ ತನ್ನ ಜಾಗಕ್ಕೆ ಹೋಗಿ ಕೂರಲೆಂದು ಮಾಡಿದ ಏರ್ಪಾಡು ಅದು. ಸುಮಾರು 50,000 ಜನ ಕೂರಲೆಂದೇ ಕಟ್ಟಿದ ಆ ಕಟ್ಟಡದ ಅಮೃತಶಿಲೆಯ ಆಸನಗಳನ್ನು ನಂತರದ ಶತಮಾನಗಳ ಜನ ಕಿತ್ತು ಬೇರೆ ಕಟ್ಟಡಗಳಿಗೆ ಸಾಗಿಸಿದರು. ಹೀಗಾಗಿ ನಾವು ಅಲ್ಲಿಯೂ ನಿಂತೇ ಇದ್ದೆವು.

ಹೊರಗೆ ಬಂದಾಗ ಬಾಯಾರಿಕೆಯಿಂದ ಯಾರಿಗೂ ಮಾತು ಹೊರಡುತ್ತಿರಲಿಲ್ಲ. ರೋಮ್ ನಗರದ ಬೀದಿಬೀದಿಗಳಲ್ಲಿ ಕುಡಿಯುವ ನೀರಿನ ಎರಕದ ಕಬ್ಬಿಣದ ಕಂಬಗಳಿವೆ. 1874ರಿಂದ ಇರುವ ಇವುಗಳ ನಲ್ಲಿ ಬಾಗಿದ ಮೂಗಿನಂತಿರುವುದರಿಂದ ಅಲ್ಲಿನವರು 'ನಸೋನೆ', ಅಂದರೆ ದೊಡ್ಡಮೂಗು, ಎಂದು ಕರೆಯುತ್ತಾರೆ. ನಾವು ನೆಲಕ್ಕೆ ಬಗ್ಗಿ ಬೊಗಸೆ ಒಡ್ಡುತ್ತಿದ್ದುದನ್ನು ನೋಡಿದ ಮುದುಕರೊಬ್ಬರು ಮಾತಿಲ್ಲದೆ ಬಂದು ಮೂಗಿನ ತುದಿಯನ್ನು ಬೆರಳಿನಿಂದ ಮುಚ್ಚಿದರು. ಮೂಗಿನ ಮೇಲ್ಭಾಗದ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮಿ ಸರಿಯಾಗಿ ಬಾಯಿಯ ಮಟ್ಟಕ್ಕೆ ಬಂತು. ಬ್ಯಾಂಕಿನವನು ನಾಲ್ಕು ಸಲ ಮುಚ್ಚಿ ತೆರೆದು ಪರೀಕ್ಷಿಸಿದ. ಎಕ್ಸೆಲ್ ಹಾಳೆಯಲ್ಲಿ ಇಲ್ಲದ ಸ್ಥಳದಲ್ಲಿ ಆತ ನಿಂತದ್ದು ಅಂದು ಅದೇ ಮೊದಲು.

ಸ್ಪ್ಯಾನಿಷ್ ಮೆಟ್ಟಿಲುಗಳು ಎಂಬ ಪ್ರವಾಸಿ ತಾಣ ತಲುಪುವ ಹೊತ್ತಿಗೆ ಗೆಳೆಯನ ಹೆಂಡತಿಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಏಕೆಂದರೆ ಆ ಊರಿನ ಹಳೆಯ ಬೀದಿಗಳಿಗೆ ಹಾಸಿರುವ ಕರಿಕಲ್ಲುಗಳ ನಡುವಿನ ಸಂದುಗಳಲ್ಲಿ ಪ್ರತಿ ಹೆಜ್ಜೆಗೂ ಪಾದ ಒಂದೊಂದು ಕಡೆಗೆ ವಾಲುತ್ತದೆ. ಆಕೆ ಮೂರನೆಯ ಮೆಟ್ಟಿಲ ಮೇಲೆ ಕುಳಿತರು. ಕುಳಿತು ಪೂರ್ತಿ ಉಸಿರು ಬಿಡುವುದರೊಳಗೆ ಪೊಲೀಸರ ಸೀಟಿ ಕೇಳಿಸಿತು. 2019ರಿಂದ ಅಲ್ಲಿ ಕೂರುವುದು ನಿಷಿದ್ಧ, ದಂಡ 250 ಯೂರೋಗಳಿಂದ 400ರವರೆಗೆ. ಟ್ರೆವಿ ಕಾರಂಜಿಯ ಕಟ್ಟೆಯ ಮೇಲೂ ಕೂರುವಂತಿಲ್ಲ. ಅಲ್ಲಿ ನೂಕುನುಗ್ಗಲಿನ ನಡುವೆ ನಾಣ್ಯ ಎಸೆದು, ಹಿಂದಿನವರ ಮೊಣಕೈ ತಿಂದು ಹೊರಬಂದೆವು. ಆ ನಾಣ್ಯಗಳು ಬಡವರ ನೆರವಿಗೆ ಹೋಗುತ್ತವೆ ಎಂಬುದೊಂದೇ ಸಮಾಧಾನ.

ಆಗ ಐದೂವರೆ. ಹಾಳೆಯ ಪ್ರಕಾರ ಪ್ಯಾಂಥಿಯಾನ್ ಎಂಬ ಪ್ರಾಚೀನ ರೋಮನ್ ದೇವಾಲಯ ನೋಡಲು ಹೋಗಬೇಕಿತ್ತು, ತಲಾ 5 ಯೂರೋಗಳ ಟಿಕೆಟ್ಟೂ ಆಗಿತ್ತು. ದಾರಿಯಲ್ಲಿ ಸಂತ ಇಗ್ನಾಸಿಯೋ ಚರ್ಚಿನ ಬಾಗಿಲು ತೆರೆದಿತ್ತು. ಗೆಳೆಯನ ಹೆಂಡತಿ ಯಾರನ್ನೂ ಕೇಳದೆ ಒಳಗೆ ಹೋಗಿ, ಪಕ್ಕದ ಬೆಂಚಿನ ಮೇಲೆ ಕುಳಿತು, ಷೂ ಕಳಚಿ ತಣ್ಣನೆಯ ಕಲ್ಲಿನ ಮೇಲೆ ಪಾದಗಳನ್ನಿಟ್ಟರು. "ನೀವು ಹೋಗಿ ಬನ್ನಿ, ನಾನು ಇಲ್ಲಿಂದ ಏಳುವವಳಲ್ಲ" ಎಂದರು. ಗಂಡ ಗಡಿಯಾರ ನೋಡಿದ, ನಮ್ಮನ್ನು ನೋಡಿದ, ತಾನೂ ಕುಳಿತ.

ಆ ಚರ್ಚಿನ ಗುಮ್ಮಟ ಸುಳ್ಳು. ಅಲ್ಲಿ ನಿಜವಾದ ಗುಮ್ಮಟವನ್ನು ಕಟ್ಟಲೇ ಇಲ್ಲ. 1685ರಲ್ಲಿ ಆಂದ್ರಿಯಾ ಪೋಟ್ಸೋ ಎಂಬ ಜೆಸ್ಯೂಟ್ ಕಲಾವಿದ ದೊಡ್ಡ ಕ್ಯಾನ್ವಾಸಿನ ಮೇಲೆ ಗುಮ್ಮಟದ ಚಿತ್ರ ಬಿಡಿಸಿ ಮೇಲೆ ಏರಿಸಿದ. ನೆಲದಲ್ಲಿ ಗುರುತು ಮಾಡಿದ ವೃತ್ತದ ಮೇಲೆ ನಿಂತರೆ ಕಂಬ, ಕಿಟಕಿಗಳೆಲ್ಲ ಆಕಾಶಕ್ಕೆ ಏರಿದಂತೆ ಕಾಣುತ್ತವೆ. ನಾವು ಕುಳಿತಿದ್ದ ಬದಿಯ ಬೆಂಚಿನಿಂದ ಮಾತ್ರ ಅದು ಮಳೆಗಾಳಿಗೆ ವಾಲಿದ ಹಳೆಯ ಕೊಡೆಯಂತೆ ಓರೆಯಾಗಿತ್ತು. ಎದ್ದು ಹೋಗಿ ಸರಿಯಾದ ಜಾಗದಿಂದ ನೋಡೋಣವೆಂದು ಯಾರೂ ಹೇಳಲಿಲ್ಲ. ಇನಿಷಿಯಲ್ ಗೆಳೆಯ ಐದೇ ನಿಮಿಷದಲ್ಲಿ ನಿದ್ದೆಹೋದ. ನಾವು ಮೂವರು ಪಿಸುದನಿಯಲ್ಲಿ, ಹಾಸ್ಟೆಲ್ಲಿನ ಎರಡನೆಯ ವರ್ಷ ನನ್ನ ನೀಲಿ ಬಕೆಟ್ ಕದ್ದವರು ಯಾರು ಎಂಬ ಹಳೆಯ ವ್ಯಾಜ್ಯವನ್ನು ಮತ್ತೆ ತೆಗೆದೆವು. ಬ್ಯಾಂಕಿನವನು ಅಂದು, ಹದಿನೇಳು ವರ್ಷಗಳ ನಂತರ, ತಪ್ಪೊಪ್ಪಿಕೊಂಡ. ಚರ್ಚಿನಲ್ಲಿ ಕುಳಿತು ಸುಳ್ಳು ಹೇಳಲು ಮನಸ್ಸು ಬರಲಿಲ್ಲ ಎಂದ. ಗುಮ್ಮಟವೇ ಸುಳ್ಳಿರುವಾಗ ನಿನಗೇನು ಬಂತು ಎಂದು ಆತನ ಹೆಂಡತಿ ನಕ್ಕರು.

ಹೊರಗೆ ಬಂದಾಗ ಏಳು ದಾಟಿತ್ತು, ಪ್ಯಾಂಥಿಯಾನ್ ಬಾಗಿಲು ಮುಚ್ಚಿತ್ತು.

ಇದನ್ನು ಹೇಳಿದರೆ ಎಲ್ಲರೂ "ಅಯ್ಯೋ, ಅಲ್ಲಿತನಕ ಹೋಗಿ ಪ್ಯಾಂಥಿಯಾನ್ ನೋಡಲಿಲ್ಲವಾ" ಎಂದು ಮರುಗುತ್ತಾರೆ. ಎಲ್ಲಿ ಕುಳಿತಿದ್ದಿರಿ, ಎಷ್ಟು ಹೊತ್ತು ಕುಳಿತಿದ್ದಿರಿ ಎಂದು ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಬೆಂಚಿನ ಸಾಲು ಸಮೇತ ಹೇಳುತ್ತಿದ್ದೆ. ಎಕ್ಸೆಲ್ ಹಾಳೆ ಬೇಕಾದವರು ತಿಳಿಸಿ, ಕಳುಹಿಸುತ್ತೇನೆ. ಅದರಲ್ಲಿ ಪ್ಯಾಂಥಿಯಾನ್ ಸಾಲಿಗೂ ಹಸಿರು ಬಣ್ಣವಿದೆ. ಆಕ್ಷೇಪಿಸಿದಾಗ ಬ್ಯಾಂಕಿನವನು, ಹೊರಗಿನ ಹದಿನಾರು ಕಂಬಗಳನ್ನೂ ಎಣಿಸಿದ್ದೇನೆ, ಅಷ್ಟು ಸಾಕು ಎಂದ.